ಹಲ್ಲುನೋವಿಗೆ ಸಿಕ್ಕ ಮರ್ಯಾದೆ

ನಮ್ಮ ಕಡೆ ಹಲ್ಲಿಗಿರುವ ಗೌರವ ಮನಸ್ಸಿಗಿಲ್ಲ. ಇದು ಎಲ್ಲೋ ಓದಿ ಹೇಳುವ ಮಾತಲ್ಲ. ಮಗಳ ಬಾಣಂತನದಲ್ಲಿ ನಮ್ಮ ಮನೆಯ ಜಗಲಿ ಮೇಲೆ ಕೂತು ಕಣ್ಣಾರೆ ಕಂಡದ್ದು.

ನಾನು ಬಿ.ಜಿ. ಕೆರೆಯವನು, ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟು ನಿವೃತ್ತನಾದವನು. ಮಗಳನ್ನು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ವ್ಯಾಪಾರದ ಮನೆಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಗಂಡುಮಗು ಹೆತ್ತಳು. ಬಾಣಂತಿ ಕೋಣೆಯೊಳಗೆ ಗಂಡಸರಿಗೆ ಪ್ರವೇಶವಿಲ್ಲವಾದ್ದರಿಂದ ನನ್ನನ್ನು ಜಗಲಿಯ ದ್ವಾರಪಾಲಕ ಹುದ್ದೆಗೆ ನೇಮಿಸಲಾಯಿತು. ಗುಡಿಯ ದ್ವಾರಪಾಲಕರ ಕೈಯಲ್ಲಿ ಗದೆ ಇರುತ್ತದೆ. ನನ್ನ ಕೈಯಲ್ಲಿ ಬೀಸಣಿಗೆ ಇತ್ತು.

ಶಾಸ್ತ್ರಕ್ಕೇನೂ ಕೊರತೆಯಾಗಲಿಲ್ಲ. ನನ್ನ ಹೆಂಡತಿ ಮಗಳ ತಲೆಗೆ ಬಟ್ಟೆ ಬಿಗಿದಳು, ಕಿವಿಗೆ ಹತ್ತಿ ಇಟ್ಟಳು, ಲೋಬಾನದ ಹೊಗೆ ಹಾಕಿದಳು. ಗಾಳಿ ಒಳಗೆ ಹೋಗದಂತೆ ಅಷ್ಟು ಬಂದೋಬಸ್ತು. ಗಾಳಿ ಹೋಗಲಿಲ್ಲ ನಿಜ. ಆದರೆ ಅಳು ಹೊರಗೆ ಬಂತು. ಮಧ್ಯಾಹ್ನ ಮಗು ಮಲಗಿದ ಮೇಲೆ, ಬಾಗಿಲ ಸಂದಿಯಿಂದ, ದಿನಾ ಬರುತ್ತಿತ್ತು. ಚಿಕ್ಕಂದಿನಿಂದ ಅವಳು ಅಳುವುದನ್ನು ಕೇಳಿದವನು ನಾನು. ಇದು ಆ ಅಳುವಲ್ಲ. ಹಟವಿಲ್ಲದ, ಯಾರನ್ನೂ ಕರೆಯದ ಅಳು.

ಬಾಣಂತಿಯನ್ನು ನೋಡಲು ಬಂದವರ ಕಿವಿಗೂ ಅದು ಬಿತ್ತು. ಅವರು ತೀರ್ಪು ಕೊಡಲು ತಡಮಾಡಲಿಲ್ಲ.

"ಗಂಡು ಹುಟ್ಟೈತೆ, ಇನ್ನೇನು ಬೇಕಿತ್ತಂತೆ?"

"ಕಣ್ಣೀರು ಹಾಕಬ್ಯಾಡವ್ವಾ, ಹಾಲು ಬತ್ತಿ ಹೋಗ್ತಾವೆ."

ನಮ್ಮ ಓಣಿಯ ದೊಡ್ಡವ್ವ ಒಬ್ಬಳಿದ್ದಾಳೆ. ಅವಳದು ಮಾತಲ್ಲ, ಪ್ರವಚನ. "ನಾವೇನು ಹೆತ್ತಿಲ್ವಾ? ಬೆಳಿಗ್ಗೆ ಶೇಂಗಾ ಕಿತ್ತೀನಿ, ಮಧ್ಯಾಹ್ನ ಹೆತ್ತೀನಿ, ಸಂಜಿಗೆ ಮತ್ತೆ ಹೊಲಕ್ಕೆ ಹೋಗೀನಿ. ಈಗಿನೋವು ಭಾಳ ನಾಜೂಕು." ಈ ಕಥೆ ನನಗೆ ಹಳೆಯದು. ವರ್ಷ ಕಳೆದಂತೆ ಆ ಸಂಜೆ ಅವಳು ಕಿತ್ತ ಶೇಂಗಾದ ಸಾಲು ಉದ್ದವಾಗುತ್ತಲೇ ಬಂದಿದೆ. ಈಗದು ಹೆಚ್ಚುಕಡಿಮೆ ಚಳ್ಳಕೆರೆ ಮುಟ್ಟಿದೆ.

ಹಾಲು ಬರ್ತಾವಾ? ಮಗು ನಿದ್ದಿ ಮಾಡ್ತೈತಾ? ಹೊಕ್ಕಳ ಉದುರಿತಾ? ಪ್ರಶ್ನೆಗೇನು ಬರವೇ? ಆದರೆ ವ್ಯಾಕರಣದವನ ಕಣ್ಣಿಗೆ ಒಂದು ದೋಷ ಬಿತ್ತು. ಅಷ್ಟೂ ವಾಕ್ಯಗಳಲ್ಲಿ 'ನೀನು' ಎಂಬ ಪದ ಲೋಪವಾಗಿತ್ತು. ಹಾಲು ಹೇಗಿದೆ ಎಂದು ಕೇಳಿದವರು, ಹಾಲು ಕೊಡುವವಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ಎಮ್ಮೆ ಕೊಳ್ಳಲು ಬಂದವನೂ ಎಮ್ಮೆಯ ಮೈ ಸವರಿ ನೋಡುತ್ತಾನೆ.

ಆ ಪದವನ್ನು ಮೊದಲು ಬಳಸಿದವರು ಚಳ್ಳಕೆರೆಯ ಒಬ್ಬ ಡಾಕ್ಟರಮ್ಮ. ಮಗುವಿಗೆ ಲಸಿಕೆ ಹಾಕಿಸಲು ಹೋಗಿದ್ದೆವು. ಸೂಜಿ ಚುಚ್ಚಿ ಆದ ಮೇಲೆ ಆಕೆ ಮಗಳ ಕಡೆ ತಿರುಗಿ, "ನೀನು ಹೆಂಗಿದೀಯಮ್ಮಾ?" ಎಂದರು. ಅಷ್ಟೇ. ಮಗಳು ಅಲ್ಲೇ ಕುಸಿದು ಕೂತಳು.

"ಮಗೂನ ಎತ್ಕೊಂಡ್ರೆ ಯಾರ ಮನೆ ಮಗುವೋ ಅನ್ಸ್ತೈತೆ ಡಾಕ್ಟ್ರೇ. ಯಾರಾದ್ರೂ ಬಂದು ಇಸ್ಕೊಂಡು ಹೋಗ್ತಾರೇನೋ ಅಂತ ಬಾಗ್ಲು ನೋಡ್ತಾ ಕೂಡ್ತೀನಿ."

ಮಗುವಿನ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಚೀಲ ಭಾರವಾಯಿತು.

ಡಾಕ್ಟರಮ್ಮ ಬೈಯಲಿಲ್ಲ, ಬೆಚ್ಚಲೂ ಇಲ್ಲ. ಹೆತ್ತವರಲ್ಲಿ ಎಷ್ಟೋ ಜನರಿಗೆ ಹೀಗಾಗುತ್ತದೆ, ಇದು ಕಾಯಿಲೆಯೇ ಹೊರತು ಕೆಟ್ಟತನವಲ್ಲ, ವಾಸಿಯಾಗುತ್ತದೆ ಎಂದರು. ಗುರುವಾರ ಗುರುವಾರ ಒಬ್ಬ ಆಪ್ತಸಮಾಲೋಚಕಿ ಬಂದು ಕೂರುತ್ತಾರೆ, ಅವರ ಹತ್ತಿರ ಮಾತಾಡಲಿ, ಬೇಕಾದರೆ ಆಮೇಲೆ ಔಷಧಿ ನೋಡೋಣ ಎಂದರು. "ಆದ್ರೆ ಮಧ್ಯದಲ್ಲಿ ಬಿಡಿಸಬೇಡಿ ಮೇಷ್ಟ್ರೇ. ಬಿಟ್ರೆ ಇನ್ನೂ ಆಳಕ್ಕೆ ಇಳೀತಾಳೆ."

ಆಪ್ತಸಮಾಲೋಚಕಿ! ಸಮಾಸ ಬಿಡಿಸಿ ನೋಡಿದೆ. ನಮ್ಮ ಮನೆಗೆ ಬಂದುಹೋದವರಲ್ಲಿ ಆಪ್ತರಿಗೆ ಕೊರತೆಯಿರಲಿಲ್ಲ, ಸಮಾಲೋಚನೆಗಂತೂ ಕೊರತೆ ಮೊದಲೇ ಇಲ್ಲ. ಎರಡೂ ಒಬ್ಬರಲ್ಲೇ ಕೂಡಿದ್ದನ್ನು ಮಾತ್ರ ಕಂಡಿರಲಿಲ್ಲ.

ಹೋಗುವುದು ಹೇಗೆ? ಬಾಣಂತಿ ವಾರವಾರ ಹೊಸ್ತಿಲು ದಾಟಿ ಬಸ್ಸು ಹತ್ತಿದರೆ ಊರು ಕೇಳುತ್ತದೆ, ಊರು ಕೇಳಿದ್ದು ಮೊಳಕಾಲ್ಮೂರಿಗೆ ಮುಟ್ಟುತ್ತದೆ. ಅಲ್ಲಿ ಹುಚ್ಚಿಗೆ ತೆಲುಗಿನಲ್ಲಿ 'ಪಿಚ್ಚಿ' ಅನ್ನುತ್ತಾರೆ. ಬೀಗರ ಬೀದಿಯಲ್ಲೇ ಒಬ್ಬ ಸೊಸೆಯನ್ನು ಪಿಚ್ಚಿ ಎಂದು ತವರಿಗೆ ಕಳಿಸಿದವರು ಕರೆಸಿಕೊಳ್ಳುವುದನ್ನು ಮರೆತೇಬಿಟ್ಟಿದ್ದರು. ಮಗು ಮಾತ್ರ ಅಲ್ಲೇ ಉಳಿಯಿತು. ಈ ಸಂಗತಿ ನೆನೆದಾಗಲೆಲ್ಲ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಹೋಗದಿದ್ದರೆ ಮಗಳು ಹೋಗುತ್ತಾಳೆ, ಹೋದರೆ ಮಗಳ ಸಂಸಾರ ಹೋಗುತ್ತದೆ.

ಕೊನೆಗೆ ದಾರಿ ಹುಡುಕಿದವಳೂ ಅವಳೇ. "ಹಲ್ಲು ನೋವು ಅಂದುಬಿಡಾಣ. ಬಾಣಂತಿ ಹಲ್ಲು ಸಡ್ಲ ಆಗ್ತಾವೆ ಅಂತ ಎಲ್ರಿಗೂ ಗೊತ್ತೈತೆ."

ಹೀಗೆ ನನ್ನ ಮಗಳ ಬಾಯಲ್ಲಿ ಇಲ್ಲದ ನೋವೊಂದು ಪ್ರತಿಷ್ಠಾಪನೆಯಾಯಿತು. ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಊರಿಗೆ ಊರೇ ಕರಗಿತು! ಲವಂಗ ಬಂತು, ಲವಂಗದ ಎಣ್ಣೆ ಬಂತು, ಬೇವಿನ ಕಡ್ಡಿ ಬಂತು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬಂದವರೊಬ್ಬರು ಅದ್ಯಾವುದೋ ಬೇರು ತಂದು, ದೇವರ ಮುಂದೆ ಇಡಿಸಿಕೊಂಡು ಬಂದೀನಿ ಅಂದರು. ಬಸ್ಸಿನಲ್ಲಿ, "ಏಯ್, ಏಳಲೇ, ಬಾಣಂತಿಗೆ ಹಲ್ಲು ನೋವಂತೆ" ಎಂದು ಗಂಡಸರನ್ನು ಎಬ್ಬಿಸಿ ಸೀಟು ಕೊಟ್ಟರು. ನಮ್ಮ ಶೇಂಗಾ ದೊಡ್ಡವ್ವನಂತೂ ಮಗಳ ಕೈ ಹಿಡಿದುಕೊಂಡು ಕೂತಳು. "ಹಲ್ಲು ನೋವು ಹಗೆಯೋರಿಗೂ ಬ್ಯಾಡವ್ವಾ. ನನಗೆ ಬಂದಾಗ ಗೋಳೋ ಅಂತ ಅತ್ತೀನಿ. ತಡಕೋಬ್ಯಾಡ, ಅತ್ತುಬಿಡು. ಅತ್ರೆ ಹಗುರ ಆಗ್ತೈತೆ."

ಮಗಳು ಅತ್ತಳು. ಈಗ ಅದಕ್ಕೆ ಪರವಾನಗಿ ಸಿಕ್ಕಿತ್ತಲ್ಲ! ಹಾಲು ಬತ್ತುವ ಮಾತನ್ನು ಯಾರೂ ಎತ್ತಲಿಲ್ಲ. ಬೀಸಣಿಗೆಯನ್ನು ಗದೆ ಮಾಡಿಕೊಳ್ಳಬೇಕೆನ್ನಿಸಿದ್ದು ಆಗಲೇ. ಹಾಗಾದರೆ ಈ ಜನಕ್ಕೆ ಮರುಗುವುದು ಗೊತ್ತಿತ್ತು! ಕೈ ಹಿಡಿದು ಕೂರುವುದು ಗೊತ್ತಿತ್ತು, ಅಳಲು ಬಿಡುವುದು ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕೊಡದೆ ಇಟ್ಟುಕೊಂಡಿದ್ದರು. ಹೆತ್ತು ಸೋತ ಹುಡುಗಿಗೆ ಇಲ್ಲ, ಹುಳುಕು ಹಲ್ಲಿಗೆ ಉಂಟು!

ಗುರುವಾರ ಬಾಗಿಲಾಚೆ ಮಗಳು ಮಾತಾಡುತ್ತಿದ್ದರೆ ನಾನೂ ಹೆಂಡತಿಯೂ ಮಗುವನ್ನಿಟ್ಟುಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದೆವು. ಒಳಗೇನು ಮಾತೋ ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ವಾರಗಳು ಕಳೆದವು. ಒಂದು ದಿನ ವಾಪಸು ಬರುವಾಗ, ಬಸ್ಸು ಎಣ್ಣೆ ಮಿಲ್ಲುಗಳ ಕಮಟು ವಾಸನೆ ದಾಟುತ್ತಿದ್ದಂತೆ, "ಅವ್ವಾ, ಇಲ್ಲಿ ಕೊಡು" ಎಂದು ಮಗುವನ್ನು ತಾನೇ ಕೇಳಿ ಇಸಿದುಕೊಂಡಳು. ನನ್ನ ಹೆಂಡತಿ ಕಿಟಕಿ ಕಡೆ ಮುಖ ತಿರುಗಿಸಿದಳು. ನಾನು ಟಿಕೇಟು ಓದತೊಡಗಿದೆ.

ಅಷ್ಟರಲ್ಲಿ ಹಲ್ಲುನೋವಿನ ಕೀರ್ತಿ ಮೊಳಕಾಲ್ಮೂರು ಮುಟ್ಟಿ, ಬೀಗಿತ್ತಿ ಮಗನನ್ನು ಕರೆದುಕೊಂಡು ಬಂದರು. ನಮ್ಮ ಅಳಿಯ ಬಹಳ ಸಭ್ಯ. ತಾಯಿಯ ಮುಂದೆ ಬಾಯಿ ಬಿಡಲಾರದಷ್ಟು ಸಭ್ಯ. ಬೀಗಿತ್ತಿ ಕೈಯಲ್ಲಿ ಲವಂಗದ ಪೊಟ್ಟಣವಿತ್ತು. ಕೂರುವ ಮೊದಲೇ, "ಏದಮ್ಮಾ, ಯಾವ ಹಲ್ಲು? ಬಾಯಿ ತೆಗಿ ನೋಡಾಣ" ಎಂದರು.

ಮಗಳು ವಿಧೇಯಳಾಗಿ ಬಾಯಿ ತೆಗೆದಳು. ಬೀಗಿತ್ತಿ ಬೆಳಕಿಗೆ ತಿರುಗಿಸಿ, ಸೀರೆಯ ನೇಯ್ಗೆ ಪರೀಕ್ಷಿಸುವಂತೆ ಪರೀಕ್ಷಿಸಿದರು. "ಎಲ್ಲಾ ಮುತ್ತಿನಂಗವೆ ಕಣಮ್ಮಾ!"

"ಹೌದತ್ತೆ. ಹಲ್ಲು ಚೆನ್ನಾಗವೆ," ಎಂದಳು ಮಗಳು. "ನೋವು ಇರಾದು ಮನಸ್ಸಿಗೆ. ಮಗು ನಂದು ಅಂತ್ಲೇ ಅನ್ನಿಸ್ತಿರ್ಲಿಲ್ಲ. ಅದಕ್ಕೆ ಚಳ್ಳಕೆರೇಲಿ ಮಾತಾಡಕ್ಕೆ ಹೋಗ್ತೀನಿ."

ನನ್ನ ಹೆಂಡತಿಯ ಸೆರಗು ಬಾಯಿಗೆ ಹೋಯಿತು.

"ಪಿಚ್ಚಿ ಡಾಕ್ಟ್ರ ಹತ್ರಾನಾ?" ಬೀಗಿತ್ತಿ ನನ್ನ ಕಡೆ ತಿರುಗಿದರು. "ಏನ್ ಬೀಗ್ರೇ, ಓದಿದೋರು ನೀವು, ಹಿಂಗಾ ಮಾಡಾದು? ನಾಲ್ಕು ಜನ ಕೇಳಿದ್ರೆ ಏನನ್ಲಿ? ಅಲ್ಲಿಗೆ ಹೋಗಾದು ಇವತ್ತಿಗೆ ನಿಲ್ಲಿಸ್ರಿ. ನಿಲ್ಲಿಸಿದ್ರೆ ಕರ್ಕೊಂಡು ಹೋಗ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನಿಲ್ಲಿಸಲ್ಲ ಅತ್ತೆ. ಪೂರ್ತಿ ಗುಣ ಆಗ್ಲಿ, ಆಮೇಲೆ ಬರ್ತೀನಿ. ನಾನೂ ಬರ್ತೀನಿ, ಇವ್ನೂ ಬರ್ತಾನೆ." ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಬೀಗಿತ್ತಿ ಕಾಫಿ ಮುಟ್ಟದೆ ಎದ್ದರು. ಜಗಲಿ ಇಳಿದವರು ಮತ್ತೆ ಹತ್ತಿ ಬಂದು, ಇಟ್ಟಿದ್ದ ಲವಂಗದ ಪೊಟ್ಟಣವನ್ನು ಎತ್ತಿಕೊಂಡು ಹೋದರು. ಹಲ್ಲುನೋವಿಲ್ಲದವಳಿಗೆ ಲವಂಗ ಯಾಕೆ? ನ್ಯಾಯವೇ. ಅಳಿಯ ಹಿಂದೆ ಹಿಂದೆ ನಡೆದ. ಅವನ ಬೆನ್ನು ನೋಡುತ್ತ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಯಾವ ವ್ಯಾಕರಣದಲ್ಲೂ ಬರೆಯುವಂಥದ್ದಲ್ಲ.

ಮುಂದಿನ ಗುರುವಾರ ಬಸ್ಸಿನಲ್ಲಿ, ಪ್ರತಿ ವಾರ ಸೀಟು ಹಿಡಿದುಕೊಡುತ್ತಿದ್ದ ಹೆಂಗಸು, "ಹಲ್ಲು ಹೆಂಗೈತವ್ವಾ?" ಎಂದಳು. ಒಂದು ಸಲ ನಿಜ ಹೇಳಿದವಳಿಗೆ ಇನ್ನೇನು ಭಯ? "ಹಲ್ಲಲ್ಲಕ್ಕಾ, ಮನಸ್ಸಿಗೆ ತೋರಿಸ್ತಿದೀನಿ," ಎಂದಳು ಮಗಳು. ಆಕೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಚಳ್ಳಕೆರೆ ಬರುವವರೆಗೂ ಹೊರಗಿನ ಜಾಲಿ ಗಿಡಗಳನ್ನು ನೋಡಿದಳು. ಇದುವರೆಗೆ ಅವಳಿಗೆ ಜಾಲಿಯಲ್ಲಿ ಅಷ್ಟು ಆಸಕ್ತಿ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಅಳಿಯ ನಿಂತಿದ್ದಾನೆ. ಅಂಗಡಿ ಬಿಟ್ಟು, ಮೊಳಕಾಲ್ಮೂರಿನಿಂದ ಬೆಳಿಗ್ಗೆಯೇ ಬಂದಿದ್ದಾನೆ.

"ಒಳಗೆ ನಾನೂ ಬರಬಹುದಾ?" ಎಂದು ಅವಳನ್ನೇ ಕೇಳಿದ.

ನನ್ನ ಎದೆ ಒಂದು ಕ್ಷಣ ತುಂಬಿಬಂತು. ಮನೆಯಲ್ಲಿ ದೊಡ್ಡ ಸಮರವನ್ನೇ ಗೆದ್ದು ಬಂದಿರಬೇಕೆಂದುಕೊಂಡು, "ಅವ್ವನಿಗೆ ಏನು ಹೇಳಿ ಬಂದಿರಿ?" ಎಂದೆ.

ಅವನು ನೆಲ ನೋಡಿದ. "ನಂಗೆ ಹಲ್ಲು ನೋವು ಅಂತ ಹೇಳಿ ಬಂದೆ ಮಾವ."

ಸಾಕ್ಷಿಗೆ ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದ. ಅದೇ ಲವಂಗ. ತಾಯಿ ಕಣ್ಣಲ್ಲಿ ನೀರು ತಂದುಕೊಂಡು ಕೊಟ್ಟು ಕಳಿಸಿದ್ದರಂತೆ.

ಬೈಯಲು ಬಾಯಿ ತೆರೆದೆ. ನನ್ನ ಕೋಪಕ್ಕೆ ನ್ಯಾಯವಿತ್ತು, ಈಗಲೂ ಇದೆ. ಆದರೆ ಪಕ್ಕದಲ್ಲಿ ಮಗಳು ನಕ್ಕುಬಿಟ್ಟಳು. ತಲೆಗೆ ಕಟ್ಟಿದ್ದ ಬಟ್ಟೆ ಜಾರುವಷ್ಟು, ಮಗು ಬೆಚ್ಚಿ ಕಣ್ಣು ಬಿಡುವಷ್ಟು ಜೋರಾಗಿ ನಕ್ಕಳು. ನಗುತ್ತಲೇ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡು, "ನಡೀರಿ, ಹೊತ್ತಾಗ್ತೈತೆ" ಎಂದು ಮಗುವನ್ನೆತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು.