ಹನ್ನೆರಡರಲ್ಲಿ ಒಂದು ಪದ

ಊರಿಗೆಲ್ಲ ಕೀಲಿ ಮಾಡಿಕೊಟ್ಟ ಅಜ್ಜ ಮಹಾ ಗುಮಾನಿಯ ಮನುಷ್ಯ. ಗಿರಾಕಿಯ ಕೀಲಿಯ ಅಳತೆ ಬರೆದಿಡುವಾಗ ಬೇಕೆಂದೇ ಒಂದು ಅಂಕಿ ತಪ್ಪಿಸುತ್ತಿದ್ದ. ಪುಸ್ತಕ ಕಳ್ಳನ ಕೈಗೆ ಸಿಕ್ಕರೂ ಸರಿಯಾದದ್ದು ತನ್ನ ತಲೆಯಲ್ಲಿ ಭದ್ರ ಎಂಬ ಜಂಬ.

ಬ್ಯಾಂಕುಗಳ ಮೇಲೆ ನಂಬಿಕೆ ಹೋದ ವರ್ಷ ಅಂಗಡಿ ಮಾರಿ, ಬಂದದ್ದನ್ನೆಲ್ಲ ಡಿಜಿಟಲ್ ನಾಣ್ಯಕ್ಕೆ ಹಾಕಿದ. ಆ ಖಾತೆ ತೆರೆಯುವ, ಒಂದು ತಪ್ಪಿದರೂ ಹಣ ಕೈಗೆ ಸಿಗದ ಹನ್ನೆರಡು ಗುಟ್ಟಿನ ಪದಗಳನ್ನು ಹಿತ್ತಾಳೆ ತಗಡಿನಲ್ಲಿ ಕೆತ್ತಿ ಮಗಳಿಗೆ ಕೊಟ್ಟ.

ಈಗ ಅವಳು ಫೋನ್ ಹಿಡಿದು ಎದುರಿಗೇ ಕೂತಿದ್ದಾಳೆ. "ತಪ್ಪು ಪದ ಅಂತಿದೆ ಅಪ್ಪಾ. ನಿನ್ನ ಹಳೇ ಚಾಳಿ ಇಲ್ಲೂ ತೋರಿಸಿದ್ಯಾ? ಯಾವುದನ್ನ ಬದಲಾಯಿಸಿದ್ದೆ ಹೇಳು."

ಅಜ್ಜ ತಗಡಿನ ಮೇಲೆ ಬೆರಳಾಡಿಸಿದ. ಜಪ್ಪಯ್ಯ ಅಂದರೂ ನೆನಪಾಗಲಿಲ್ಲ. ನಂಬಿದ ತಲೆಯೇ ಕೈಕೊಟ್ಟಿತ್ತು.

"ಕಳ್ಳ ಬರ್ತಾನೆ ಅಂತ ಹಾಗೆ ಮಾಡಿದ್ದೆ ಕಣೇ," ಎಂದ. "ಬಂದಿದ್ದು ನೀನು."