ಹುಣಸೆ ಟೋನಿನ ಹನುಮೇಶ್

ಆಂಧ್ರದ ಗಡಿಯಂಚಿನ ರಾಯದುರ್ಗದ ಬೆಟ್ಟಕ್ಕೆ ಇನ್ನೂ ಬೆಳಕು ತಾಗಿಲ್ಲ. ಹನುಮೇಶ್ ಅಂಗಳದ ಕಟ್ಟೆಯ ಮೇಲೆ ಹಳೆ ಪಂಚೆ ಹಾಸಿ, ಮೊನ್ನೆ ತಂದ ಹೊಸ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿಟ್ಟಿದ್ದಾರೆ. ಕೈಯಲ್ಲೊಂದು ಸಣ್ಣ ಬ್ರಷ್ಷು. ಫ್ಯಾನಿನ ಒಂದೊಂದೇ ರೆಕ್ಕೆಯಿಂದ ನೀಲಿ ಧೂಳು ಕೆಡವುತ್ತಾರೆ. ಜೀನ್ಸ್ ಬಟ್ಟೆಯ ಧೂಳು ಅದು. ಈ ಓಣಿಯಲ್ಲಿ ಒಣಹಾಕಿದ ಬಿಳಿ ಅಂಗಿಯ ಮೇಲೂ ಕೂರುತ್ತದೆ, ಮೊಸರಿನ ಕೆನೆಯ ಮೇಲೂ ಕೂರುತ್ತದೆ. ಹೆಂಡತಿ ನಾಗಲಕ್ಷ್ಮಿ ಬಾಗಿಲಿಗೆ ನೀರು ಹಾಕಿ, ಗಂಡನ ಪಕ್ಕದಿಂದ ಹಾದು ಒಳಗೆ ಹೋಗುತ್ತಾರೆ.

ಈ ಧೂಳೇ ಅವರ ಹಳೆಯ ಕಂಪ್ಯೂಟರನ್ನು ಸೋಮವಾರ ಬಲಿ ತೆಗೆದುಕೊಂಡಿದೆ. ಒಂದು ಸಲ ಚಟ್ ಅಂದಿತು, ಹೊಗೆ ಬಂತು, ಅಷ್ಟೆ. ಶನಿವಾರ ಸುಂಕಮ್ಮನವರ ಮಗಳು ಪವಿತ್ರಳ ಅರಿಶಿನದ ಶಾಸ್ತ್ರ. ಬಳ್ಳಾರಿಯ ಬೀಗರು ಡಿಜೆ ತರಿಸುತ್ತೇವೆ ಎಂದು ಪಟ್ಟು ಹಿಡಿದಿದ್ದರು. "ನನ್ನ ಮಗಳ ಅರಿಶಿನಕ್ಕ ನಮ್ಮ ಮೇಳದ್ದೇ ಹಾಡು. ಬ್ಯಾರೆ ಮಾತಿಲ್ಲ" ಎಂದು ಸುಂಕಮ್ಮ ಬೀಗರ ಎದುರಿಗೇ ಹೇಳಿ ಬಂದಿದ್ದಾರೆ.

ಮೇಳವೆಂದರೆ ದೊಡ್ಡದೇನಲ್ಲ. ಎಲ್ಲರೂ ಒಂದೇ ಜೀನ್ಸ್ ಯೂನಿಟ್ಟಿನವರು. ಸುಂಕಮ್ಮ ಪ್ಯಾಂಟಿನ ದಾರ ಕತ್ತರಿಸುತ್ತಾರೆ, ಮೇಳದಲ್ಲಿ ಮುಂದೆ ನಿಂತು ಹಾಡುತ್ತಾರೆ. ಇಸ್ತ್ರಿ ಮಾಡುವ ಕಾಟಪ್ಪ ಢೋಲಕ್ ಬಾರಿಸುತ್ತಾರೆ. ಹನುಮೇಶ್ ಹಗಲೆಲ್ಲ ಜಿಪ್ ಕೂರಿಸುತ್ತಾರೆ, ಇನ್ನೂರಕ್ಕೆ ಕಡಿಮೆಯಿಲ್ಲ. ಸಂಜೆ ಕೀಬೋರ್ಡಿನ ಮುಂದೆ ಕೂರುತ್ತಾರೆ.

ಆ ಕೀಬೋರ್ಡಿಗೆ ತನ್ನದೇ ದನಿಯಿಲ್ಲ. ತಂತಿಯೊಂದು ಕಂಪ್ಯೂಟರಿಗೆ ಹೋಗುತ್ತದೆ. ದನಿ ಹುಟ್ಟುವುದು ಅಲ್ಲಿರುವ ಹಳೆಯ ಸಿಂಥಸೈಜರ್ ಸಾಫ್ಟ್‌ವೇರಿನಲ್ಲಿ. ತಮ್ಮೂರು ಡಿ. ಹಿರೇಹಾಳಿನಿಂದ ಬಳ್ಳಾರಿಗೆ ದುಡಿಯಲು ಹೋದ ವರ್ಷಗಳಲ್ಲಿ ಹನುಮೇಶ್ ಇದ್ದ ಕೋಣೆಯ ಕೆಳಗೆ ಕ್ಯಾಸೆಟ್ ಅಂಗಡಿಯಿತ್ತು. ಅಂಗಡಿಯವರು ಬಾಗಿಲು ಮುಚ್ಚಿದಾಗ ಕಂಪ್ಯೂಟರನ್ನು ಇವರ ಕೈಗೆ ಕೊಟ್ಟು ಹೋದರು. ಅದರಲ್ಲಿ ಇವರೇ ತಿರುಗಿಸಿ, ತಿದ್ದಿ ಒಂದು ದನಿ ಮಾಡಿಕೊಂಡರು. ಶಹನಾಯಿಯೂ ಅಲ್ಲ, ಹಾರ್ಮೋನಿಯಂ ಕೂಡ ಅಲ್ಲ. ಅದಕ್ಕೆ ಹೆಸರಿಟ್ಟವರು ಸುಂಕಮ್ಮ.

"ಹುಣಸೆ ಟೋನು ಅಂತೀನ್ರಿ ನಾನು. ಕೇಳಿದ್ರ ಹಲ್ಲು ಜುಮ್ ಅಂತಾವ, ಮತ್ತ ಬೇಕು ಅನಸ್ತೈತಿ" ಎಂದು ಅವರು ನಗುತ್ತಾರೆ.

ಹೊಸ ಕಂಪ್ಯೂಟರು ಆ ಹಳೆಯ ಸಾಫ್ಟ್‌ವೇರನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಹನುಮೇಶ್ ಎಮ್ಯುಲೇಟರ್ ಹಾಕುತ್ತಾರೆ. ಹಾಗೆಂದರೇನು ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ಬಯಲಾಟದಾಗ ನಮ್ಮ ಕಾಟಪ್ಪ ಮಾವ ಭೀಮನ ವೇಷ ಕಟ್ಟತಾನಲ್ರಿ, ಹಂಗ. ಹೊಸಾ ಕಂಪ್ಯೂಟರಿಗೆ ಹಳೇದರ ವೇಷ ಕಟ್ಟಿಸೋದು. ಒಳಗಿನ ಸಾಫ್ಟ್‌ವೇರು, ಓಹೋ ನಾನು ನಮ್ಮ ಮನ್ಯಾಗ ಅದೀನಿ ಅಂತ ನಂಬಿ ಹಾಡತೈತಿ."

"ನನ್ನ ವೇಷ ನಂಬಿದೋರು ಯಾರೂ ಇಲ್ಲ ಬಿಡಪ, ಹೊಟ್ಟಿ ನೋಡಿ ನಗತಾರ" ಎನ್ನುತ್ತಾರೆ ಕಾಟಪ್ಪ.

ಸುಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಪುಣ್ಯಕ್ಕೆ ಉಳಿದಿತ್ತು. ಅದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿದ್ದಾಯಿತು. ಮಂಗಳವಾರ ದನಿಯೇ ಬರಲಿಲ್ಲ. ಬುಧವಾರ ಬಂತು, ಆದರೆ ನಡುನಡುವೆ ಹೊಲಿಗೆ ಬಿಟ್ಟ ಹಾಗೆ ಕಡಿಯುತ್ತಿತ್ತು. ಎಮ್ಯುಲೇಟರ್ ಒಂದಿಷ್ಟು ಸದ್ದನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ಹೊರಗೆ ಬಿಡುತ್ತದೆ. ಆ ಕೂಡಿಕೆ ತೀರ ಕಡಿಮೆಯಾದರೆ ದನಿ ಕಡಿಯುತ್ತದೆ. ಹೆಚ್ಚಿಸಿದಷ್ಟೂ ದನಿ ಹೊರಡುವುದು ತಡ. ಹೊಲಿಗೆ ಮಷಿನ್ನಿನ ದಾರ ಬಿಗಿ ಮಾಡುವ ಹಾಗೆ ಅವರು ಅದನ್ನು ಹಿಂದೆ ಮುಂದೆ ಮಾಡಿ ಹದಕ್ಕೆ ತಂದರು. ಹುಣಸೆ ಟೋನು ನೀರಿನಂತೆ ಹರಿಯಿತು.

ಇಂದು ಗುರುವಾರ. ಯೂನಿಟ್ ಬಿಟ್ಟ ಮೇಲೆ ಅದೇ ಅಂಗಳದಲ್ಲಿ ಮೇಳ ಸೇರುತ್ತದೆ. ಸುಂಕಮ್ಮ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ. ಎರಡು ಸಾಲು ದಾಟುವುದರೊಳಗೆ ಎಲ್ಲ ಚೆಲ್ಲಾಪಿಲ್ಲಿ.

"ಏ ತಮ್ಮಾ, ಯಾಕ ಹಂಗ ಓಡ್ತಿ? ಬಸ್ ತಪ್ಪತೈತೇನು?"

"ನಾ ಎಲ್ಲಿ ಓಡೀನಿ ಅಕ್ಕಾ? ಮಾವನ ಢೋಲಕ್ ಹಿಂದ ಬಿತ್ತು."

"ನಾನು ನಿನ್ನ ಬೆರಳ ನೋಡೇ ಬಾರ್ಸೋದಲೇ, ಇಷ್ಟು ವರ್ಷದಿಂದ!" ಕಾಟಪ್ಪ ರೇಗುತ್ತಾರೆ.

ಮತ್ತೆ ಹಾಡುತ್ತಾರೆ, ಮತ್ತೆ ಕೆಡುತ್ತದೆ. "ಹಿಂಗಾದ್ರ ಬೀಗರಿಗೆ ಫೋನ್ ಹಚ್ಚೋದ ಗತಿ, ಡಿಜೆ ತರಿಸ್ಕೊರ್ರಿ ಅಂತ" ಎಂದು ಸುಂಕಮ್ಮ ಸೆರಗು ಕೊಡವಿ ಎದ್ದೇಬಿಡುತ್ತಾರೆ. ಹನುಮೇಶ್ ಮತ್ತೆ ಮುಚ್ಚಳ ಬಿಚ್ಚಲು ಹೋಗುತ್ತಾರೆ.

ಕಡಲೆಕಾಯಿ ಬಿಡಿಸುತ್ತ ಕೂತಿದ್ದ ನಾಗಲಕ್ಷ್ಮಿ ತಲೆಯೆತ್ತುತ್ತಾರೆ. ಅವರು ಮಡಕಶಿರಾ ಕಡೆಯವರು, ಹೇಮಾವತಿ ಊರಿನ ಮಗಳು. ಮಾತಿನ ಧಾಟಿಯೇ ಬೇರೆ. "ಅಲ್ಲ ಕಣ್ರೀ, ಮಿಷಿನ್ ಯಾಕೆ ಬಿಚ್ತೀರ? ಅದು ಸರ್ಯಾಗೈತೆ. ನಿಮ್ ಕೈನೇ ಮುಂದೋಗ್ತೈತೆ."

ಕೈಯಲ್ಲಿದ್ದ ಕಾಯಿಯಿಂದಲೇ ಅವರು ಕೀಬೋರ್ಡಿನ ಕಡೆ ತೋರಿಸುತ್ತಾರೆ.

"ಹಳೇದು ಒತ್ತಿದ್ ಮ್ಯಾಕೆ ಒಸಿ ತಡೆದು ಕೂಗ್ತಿತ್ತು. ಅದಕ್ಕೆ ನೀವು ಮೊದ್ಲೇ ಒತ್ತೋದು ಕಲ್ತಿದ್ರಿ. ಇದು ಒತ್ತಿದ ಗಳಿಗೇಲೇ ಕೂಗ್ತೈತೆ."

ಹನುಮೇಶ್ ತಮ್ಮ ಬೆರಳುಗಳನ್ನು ಯಾರದೋ ಬೆರಳೆಂಬಂತೆ ನೋಡಿಕೊಳ್ಳುತ್ತಾರೆ. ಹೌದು. ಮುದಿಯಾಗಿದ್ದ ಕಂಪ್ಯೂಟರಿಗಾಗಿ ಅವರ ಕೈ ಚೂರು ಮುಂಚೆ ಬೀಳುವುದನ್ನು ಕಲಿತಿತ್ತು, ಕಾಟಪ್ಪನವರ ಕಣ್ಣು ಆ ಕೈಯನ್ನು ಕಲಿತಿತ್ತು. ಒಂದೇ ದಿನದಲ್ಲಿ ಅದನ್ನೆಲ್ಲ ಮರೆಯಲು ಆಗುತ್ತದೆಯೇ?

"ಕೈ ಬದ್ಲಾಗಲ್ಲ. ಮಿಷಿನ್ನೇ ತಡ ಮಾಡ್ಸಿ ಬುಡಿ" ಎಂದು ನಾಗಲಕ್ಷ್ಮಿ ಮತ್ತೆ ಕಡಲೆಕಾಯಿಗೆ ಕೈ ಹಾಕುತ್ತಾರೆ.

ಹನುಮೇಶ್ ಎಮ್ಯುಲೇಟರಿನ ಸದ್ದಿನ ಕೂಡಿಕೆಯನ್ನು ಒಂದಿಷ್ಟು ಹೆಚ್ಚಿಸುತ್ತಾರೆ. ಇನ್ನೊಂದಿಷ್ಟು. ಒತ್ತಿದರೆ ದನಿ ತೂಕಡಿಸಿ ಎದ್ದಂತೆ ಬರುತ್ತದೆ. ಸುಂಕಮ್ಮ ನಿಂತಲ್ಲೇ ಸಾಲು ಎತ್ತುತ್ತಾರೆ. ಢೋಲಕ್ ಕೂಡಿಕೊಳ್ಳುತ್ತದೆ. ಮೂರೂ ಒಂದೇ ಹೆಜ್ಜೆಗೆ ಬೀಳುತ್ತವೆ.

"ಎಲ್ಲಾರೂ ಕಂಪ್ಯೂಟರಿಗೆ ಜಲ್ದಿ ನಡಿ ಅಂತಾರ. ನಿಧಾನ ನಡಿಯಪ ಅಂತ ಕೈ ಮುಗಿದಾಂವ ನಾನೊಬ್ಬನ ಇರಬೇಕ್ರಿ" ಎನ್ನುತ್ತಾರೆ ಹನುಮೇಶ್, ನಗು ತಡೆಯಲಾರದೆ.

ಶನಿವಾರ ಸಂಜೆ ಸುಂಕಮ್ಮನವರ ಮನೆಮುಂದೆ ಹಸಿರು ಚಪ್ಪರ. ಪವಿತ್ರಳ ಕೆನ್ನೆಗೆ ಅರಿಶಿನ ಬೀಳುತ್ತಿದ್ದ ಹಾಗೆ ಹುಣಸೆ ಟೋನು ಏಳುತ್ತದೆ. ಕನ್ನಡದ ಹಾಡು ಮುಗಿದರೆ ತೆಲುಗಿನದು, ಅದು ಮುಗಿದರೆ ಮತ್ತೆ ಕನ್ನಡದ್ದು. ಡಿಜೆ ಬೇಕೆಂದಿದ್ದ ಬೀಗರ ಹಿರಿಯ ಸೊಸೆ ಮೊದಲು ಚಪ್ಪಲಿ ಬಿಡುತ್ತಾಳೆ, ಆಮೇಲೆ ಸೆರಗು ಸಿಕ್ಕಿಸುತ್ತಾಳೆ, ಆಮೇಲೆ ನಡುವೆ ನುಗ್ಗಿ ಕುಣಿಯುತ್ತಾಳೆ. ಅವಳ ಹಿಂದೆ ಬಳ್ಳಾರಿಯವರೆಲ್ಲ. ಮೈಕ್ ಕೈಯಲ್ಲೇ ಹಿಡಿದು ಸುಂಕಮ್ಮ ಮಗಳ ಸುತ್ತ ತಿರುಗುತ್ತಾರೆ. ಕಾಟಪ್ಪ ಢೋಲಕ್ ಕೊರಳಿಗೆ ಹಾಕಿಕೊಂಡು ಎದ್ದುಬಿಟ್ಟಿದ್ದಾರೆ. ಮನೆಯಲ್ಲಿ ಗಟ್ಟಿಯಾಗಿ ನಗದ ನಾಗಲಕ್ಷ್ಮಿಯೂ ಕೈ ಮೇಲೆತ್ತಿ ಸುತ್ತುತ್ತಿದ್ದಾರೆ.

ಮೂಲೆಯ ಮೇಜಿನ ಹಿಂದೆ ಹನುಮೇಶ್ ಒಬ್ಬರೇ. ಕೈ ಬಿಟ್ಟರೆ ಹಾಡು ನಿಲ್ಲುತ್ತದೆ. ಕಾಲು ಮಾತ್ರ ಮೇಜಿನ ಕೆಳಗೆ ತಾಳ ಹಾಕುತ್ತಿದೆ. ಪಕ್ಕದಲ್ಲಿ ಹಾದುಹೋದವರಿಗೆಲ್ಲ ಅವರು ಕೂಗಿ ಹೇಳುತ್ತಾರೆ:

"ಯಾರಾರ ಒಂದ ಹಾಡಿಗೆ ಇಲ್ಲಿ ಕುಂದರ್ರಿ. ನಾನೂ ಒಂದು ಸುತ್ತು ಕುಣೀತೀನಿ."