ಬಿಚ್ಚಲೆಂದೇ ಹೊಲಿದ ಹೆಸರು

ಅಮೆರಿಕದ ಕೆಂಟ್ ಊರಿನ ಗೋದಾಮುಗಳ ಸಾಲಿನಲ್ಲಿ ಇನ್ನೂ ಬೀದಿದೀಪ ಆರಿಲ್ಲ. ಹೊಲಿಗೆ ಶೆಡ್ಡೊಂದರ ಮೂಲೆಯಲ್ಲಿ ಬಸವಣ್ಣೆವ್ವ ಬ್ಯಾಸ್ಕೆಟ್‌ಬಾಲ್ ಜರ್ಸಿಯನ್ನು ತೊಡೆಯ ಮೇಲೆ ಹರಡಿಕೊಂಡು ಬೆನ್ನಿನ ಅಕ್ಷರಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಹಾಲ್‌ಗ್ರೋವ್ ಎಂಬ ಆಟಗಾರನ ಹೆಸರದು. ನಿನ್ನೆ ಅವನನ್ನು ಬೇರೆ ತಂಡಕ್ಕೆ ಕೊಟ್ಟಿದ್ದಾರೆ. ಅವನ ಬದಲಿಗೆ ಬಂದವನಿಗೂ ಇದೇ ಅಳತೆ, ಇದೇ ನಂಬರು. ಒಂಬತ್ತಕ್ಕೆ ಕೊರಿಯರ್ ವ್ಯಾನು ಬರುವಷ್ಟರಲ್ಲಿ ಹೊಸ ಹೆಸರು ಕೂರಬೇಕು. ದಾರ ಮಾತ್ರ ಸಡಿಲವಾಗುತ್ತಿಲ್ಲ. ಹೊಲಿದವರು ಅವರೇ.

ಬೆಟಗೇರಿಯಲ್ಲಿ ಸೋದರತ್ತೆಯ ಪಕ್ಕ ಕೂತು ಖಣದ ಕುಪ್ಪಸ ಹೊಲಿಯಲು ಕಲಿತವರು ಬಸವಣ್ಣೆವ್ವ. ಗಂಡ ಸಂಗನಬಸಪ್ಪ ಇಲ್ಲಿ ವಿಮಾನದ ಬಿಡಿಭಾಗದ ಕಾರ್ಖಾನೆ ಸೇರಿದಾಗ ಜೊತೆಗೆ ಬಂದರು. ಮೊದಮೊದಲು ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆದರು. ಇಂಗ್ಲಿಷ್ ಬಾರದೆ ಯಾರೆದುರೂ ಬಾಯಿ ಬಿಡುತ್ತಿರಲಿಲ್ಲ. ಈ ಶೆಡ್ಡಿಗೆ ಬಂದು ಹನ್ನೊಂದು ವರ್ಷ. ದಿನಕ್ಕೆ ನಲವತ್ತರಷ್ಟು ಜರ್ಸಿ ಅವರ ಕೈಯಿಂದ ಹಾದುಹೋಗುತ್ತವೆ. ಹೆಚ್ಚಿನವು ಶಾಲಾ ತಂಡಗಳವು. ಹೊರರಾಜ್ಯದ ಒಂದು ವೃತ್ತಿಪರ ತಂಡದ ಕೆಲಸವೂ ಇದೆ. ಅದರ ಹೆಸರು ಬರೆಯಬೇಡಿ ಎನ್ನುತ್ತಾರೆ ಮಾಲೀಕ ಗೋವಿಂದರಾಜು.

ಆ ತಂಡದ ಕೆಲಸಕ್ಕೆ ಒಂದು ರೂಢಿಯಿದೆ. ಯಾರ ಕಾಂಟ್ರ್ಯಾಕ್ಟ್ ಈ ಜೂನ್‌ಗೆ ಮುಗಿಯುತ್ತದೋ ಅವರ ಹೆಸರಿಗೆ ಕಚ್ಚಾ ಹೊಲಿಗೆ. ಫೆಬ್ರುವರಿಯಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಾಗ ಬಿಚ್ಚಲು ಸುಲಭವಾಗಲೆಂದು.

"ಹಾಲ್‌ಗ್ರೋವ್ ಆಟ ಯಾರಿಗೆ ಬೇಕಕ್ಕ?" ಎಂದು ಕಾಫಿ ಲೋಟ ಹಿಡಿದು ಬಂದ ಗೋವಿಂದರಾಜು ವಿವರಿಸುತ್ತಾರೆ. "ಇನ್ನೊಂದು ಟೀಮು ಯಾರಿಗೋ ನಾಲ್ಕು ವರ್ಷ ದುಡ್ಡು ಕೊಡ್ತೀವಿ ಅಂತ ಸೈನ್ ಮಾಡಿ ಒದ್ದಾಡ್ತಿರುತ್ತೆ. ಅವನನ್ನ ನಮ್ಮ ಟೀಮಿನ ತಲೆಗೆ ಕಟ್ಟಿ, ಈ ಹಾಲ್‌ಗ್ರೋವ್‌ನ ತಗೋತಾರೆ. ಜೂನ್ ಬಂತು, ಕಾಂಟ್ರ್ಯಾಕ್ಟ್ ಮುಗೀತು, ಇವನು ಮನೆಗೆ, ಅವರಿಗೆ ದುಡ್ಡು ಕೊಡೋದು ತಪ್ಪಿತು. ಮುಗಿಯೋದಕ್ಕೇ ರೇಟು!"

"ಮುಗಿಯೂದಕ್ಕ ಯಾತರ ಬೆಲಿರೀ ಅಣ್ಣಾರ?" ಬಸವಣ್ಣೆವ್ವ ತಲೆ ಎತ್ತುವುದಿಲ್ಲ.

"ಡಿಸೆಂಬರ್‌ನಲ್ಲಿ ಏನಾಯ್ತು ಅಂತ ಹೇಳಲಿಲ್ವಾ ಇವರು?" ಎಂದು ಗೋವಿಂದರಾಜು ಬರೆದುಕೊಳ್ಳುತ್ತಿರುವ ನನ್ನತ್ತ ತಿರುಗುತ್ತಾರೆ. "ಆಟದ ಮಧ್ಯೆ ಅವನ ಬೆನ್ನಿನ ಮೊದಲನೇ ಅಕ್ಷರ ಕಿತ್ಕೊಂಡು ನೇತಾಡ್ತಿತ್ತು, ಟಿವಿಲಿ ಎಲ್ಲಾ ನೋಡಿದ್ರು. ಕಾಮೆಂಟ್ರಿಯವನು ನಕ್ಕಿದ್ದೂ ನಕ್ಕಿದ್ದೇ!"

"ನಗಬ್ಯಾಡ್ರಿ."

ಗೋವಿಂದರಾಜು ಲೋಟ ತೊಳೆಯಲು ಹೋಗುತ್ತಾರೆ. ಉಳಿದದ್ದನ್ನು ಬಸವಣ್ಣೆವ್ವ ಜರ್ಸಿಗೆ ಹೇಳುವಂತೆ ಹೇಳುತ್ತಾರೆ. ಹಾಲ್‌ಗ್ರೋವ್‌ನ ತಾಯಿ ಇರುವುದು ಕೆಂಟ್‌ನಲ್ಲೇ. ಆ ಆಟವಾದ ಮೇಲೆ ಅವಳನ್ನು ನೋಡಲು ಬಂದವನು ಜರ್ಸಿ ಹಿಡಿದು ಶೆಡ್ಡಿಗೂ ಬಂದ.

"ಬಾಗಿಲಕ್ಕ ತಲಿ ಬಡೀತಿತ್ತು, ಅಷ್ಟ್ ಎತ್ತರ. ಬೈತಾನ ಅಂದ್ಕೊಂಡೆ. 'ನಾನ ಭಾಳ ಜಗ್ಗಾಡೀನಿ ಅನಸ್ತದ, ಸಾರಿ ಮೇಡಂ, ಗಟ್ಟಿ ಮಾಡಿ ಕೊಡ್ರಿ' ಅಂದ. ತಪ್ಪು ನಂದು, ಸಾರಿ ಅವಂದು. ನಿನ್ನ ಕಳಸ್ತಾರಪ್ಪಾ ಅಂತ ಸಡ್ಲ ಹೊಲದೀನಿ ಅಂತ ಹೆಂಗ ಹೇಳ್ಲಿ? ಅವಂಗ ಇನ್ನೂ ಗೊತ್ತ ಇರ್ಲಿಲ್ಲ. ನನಗ ಗೊತ್ತಿತ್ತು."

ಅವನೆದುರೇ ಎರಡೆರಡು ಸುತ್ತು ಹೊಲಿದರು. ಅವನು ಬೆರಳಿನಿಂದ ಎಳೆದು ನೋಡಿ, ನಕ್ಕು, ಕೈಮುಗಿದು ಹೋದ. ಅಂದಿನಿಂದ ಟಿವಿಯಲ್ಲಿ ಆ ತಂಡದ ಆಟ ಬಂದರೆ ಅವರು ಅಡುಗೆಮನೆಗೆ ಎದ್ದುಹೋಗುತ್ತಾರೆ. ಅವನ ಮುಖ ನೋಡಲು ಆಗುವುದಿಲ್ಲವಂತೆ.

ಕೊನೆಯ ಅಕ್ಷರ ಬಿಡುತ್ತದೆ. ಸೂಜಿಯ ತೂತುಗಳಲ್ಲಿ ಹೆಸರು ಇನ್ನೂ ಓದಲು ಬರುತ್ತದೆ. ಬಸವಣ್ಣೆವ್ವ ಅದರ ಮೇಲೆ ಎರಡು ಸಲ ಇಸ್ತ್ರಿಯ ಹಬೆ ಹಾಯಿಸುತ್ತಾರೆ.

"ಹೊಸಬನ ಕಾಂಟ್ರ್ಯಾಕ್ಟ್ ಇನ್ನೂ ಮೂರು ವರ್ಷ ಇದೆ ಅಕ್ಕ, ಗಟ್ಟಿಯಾಗೇ ಹೊಲೀರಿ," ಎಂದು ಒಳಗಿನಿಂದ ಗೋವಿಂದರಾಜು ಕೂಗುತ್ತಾರೆ.

"ಅದನ್ನ ಹೇಳಬ್ಯಾಡ್ರಿ ನನಗ. ಇನ್ನ ಎಲ್ಲಾರ್ದೂ ಗಟ್ಟೀನ. ಬಿಚ್ಚೂ ಕಷ್ಟ ನಂದು."

ವ್ಯಾನು ಬಂದು ಹೋಗುತ್ತದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದ್ದಕ್ಕೆ, ಕಿತ್ತ ದಾರದ ಚೂರುಗಳನ್ನು ಸೀರೆಯಿಂದ ಕೊಡವುತ್ತ ಬಸವಣ್ಣೆವ್ವ ಹೇಳುತ್ತಾರೆ.

"ಅವ ಹೋದ ಊರಾಗೂ ಅವನ ಹೆಸರು ಹೊಲಿಯಾಕಿ ಒಬ್ಬಾಕಿ ಇರ್ತಾಳಲ್ಲ. ಆಕೀಗ ಜೂನ್ ತಿಂಗಳದ ಸುದ್ದಿ ಯಾರೂ ಹೇಳದಿರ್ಲಿ."